ಹೊರಗೆ ಹಸಿರು, ಒಳಗೆ ನೀಲಿ: ಹಳೆಯ ಜಪಾನಿ ಪಿಂಗಾಣಿ ಸಂಗ್ರಹಿಸುವುದು ಹೇಗೆ

ಮುಚ್ಚಳವಿರುವ ಒಂದು ಸಣ್ಣ ಬಟ್ಟಲು. ಹೊರಗೆಲ್ಲ ಎಳೆ ಬಾಳೆಯೆಲೆಯ ಹಿಂಬದಿಯಂಥ ಮಂಕು ಹಸಿರು. ಮುಚ್ಚಳ ತೆಗೆದರೆ ಒಳಗೆ ಬಿಳಿ. ಅಂಚಿನ ಸುತ್ತ ನೀಲಿಯಲ್ಲಿ ಜಾಲರಿಯಂಥ ಪಟ್ಟಿ, ನಡುವೆ ಐದೆಸಳಿನ ಒಂದು ನೀಲಿ ಹೂ. ಇನ್ನೂರೈವತ್ತು ವರ್ಷದ ಹಿಂದೆ ಜಪಾನಿನ ಯಾರದೋ ಮನೆಯಲ್ಲಿ ಇದಕ್ಕೆ ಅನ್ನವನ್ನೋ ಬೇಯಿಸಿದ ತರಕಾರಿಯನ್ನೋ ಬಡಿಸುತ್ತಿದ್ದರು. ಇವತ್ತು ಅದೇ ಬಟ್ಟಲು ಸಂತೆಯಲ್ಲಿ, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಕೂತಿರುತ್ತದೆ. ಇಂಥದನ್ನು ಕೊಳ್ಳಲು ಕೋಟ್ಯಧಿಪತಿ ಆಗಬೇಕಿಲ್ಲ. ಆದರೆ ನೋಡಲು ಕಲಿಯಬೇಕು.

ಬಿಳಿ ಮೈಯ ಮೇಲೆ ನೀಲಿ ಬರೆದ ಪಿಂಗಾಣಿಯನ್ನು ಜಪಾನಿಯರು ಸೊಮೆತ್ಸುಕೆ ಎನ್ನುತ್ತಾರೆ. ನಾವು ಸೆಲಡಾನ್ ಎನ್ನುವ ಹಸಿರು ಗ್ಲೇಜಿನದು, ಅಂದರೆ ಗಾಜಿನಂಥ ಹಸಿರು ಹೊದಿಕೆಯದು, ಸೇಜಿ. ಎರಡೂ ಒಂದೇ ಪಾತ್ರೆಯಲ್ಲಿದ್ದರೆ ಸೇಜಿ-ಸೊಮೆತ್ಸುಕೆ. ನನಗೆ ಹುಚ್ಚು ಹಿಡಿಸಿದ್ದು ಈ ಮೂರನೆಯದು. ಜಪಾನಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಶುರುವಾದ ಚಟ, ಬೆಂಗಳೂರಿಗೆ ಬಂದ ಮೇಲೂ ಬಿಟ್ಟಿಲ್ಲ.

ಮೊದಲ ಸಲ ಮೋಸಹೋದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಬಳ್ಳಿ ಸುರುಳಿಯ ಒಂದು ನೀಲಿ ತಟ್ಟೆ. ಮಾರುವವರು ‘ಎದೋ ಕಾಲದ್ದು’, ಅಂದರೆ 1868ಕ್ಕಿಂತ ಹಿಂದಿನದು, ಅಂದರು, ನಾನು ನಂಬಿದೆ. ಮನೆಗೆ ತಂದು ನಾಲ್ಕು ದಿನ ಆದಮೇಲೆ ನೋಡಿದರೆ ಒಂದು ಕಡೆ ಬಳ್ಳಿ ತುಂಡಾಗಿ ಪಕ್ಕದ ಬಳ್ಳಿಗೆ ಅಂಟಿಸಿದ ಹಾಗಿತ್ತು. ಅದು ಕೈಯಲ್ಲಿ ಬರೆದದ್ದಲ್ಲ, ಆಮೇಲಿನ ಮೇಜಿ ಕಾಲದ ಅಚ್ಚು. ಬೆಲೆ ಮಾತ್ರ ಕೈಬರಹದ್ದನ್ನೇ ಕೊಟ್ಟಿದ್ದೆ. ತಪ್ಪು ನನ್ನದೂ ಇತ್ತು. ಮುಂಭಾಗದ ಚೆಂದ ನೋಡುತ್ತಾ ನಿಂತವನು ತಟ್ಟೆಯನ್ನು ಒಮ್ಮೆಯೂ ಮಗುಚಿ ನೋಡಿರಲಿಲ್ಲ.

ಹೆಜ್ಜೆ 1: ಊರು ಮತ್ತು ಕಾಲ ತಿಳಿದುಕೊಳ್ಳಿ

ಇತಿಹಾಸ ಅಂತ ಇದನ್ನು ಹಾರಿಸಬೇಡಿ. ಬೆಲೆ ನಿಂತಿರುವುದೇ ಇದರ ಮೇಲೆ.

ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿ 1592ರಿಂದ 1598ರವರೆಗೆ ಕೊರಿಯಾದ ಮೇಲೆ ಎರಡು ಸಲ ದಂಡು ಕಳಿಸಿದ. ಹಿಂದಿರುಗಿದ ಸೇನೆಗಳು ಅಲ್ಲಿನ ಕುಂಬಾರರನ್ನು ಹಿಡಿದು ತಂದವು. ಅವರಲ್ಲಿ ಒಬ್ಬ ಯಿ ಸಾಮ್-ಪ್ಯೋಂಗ್. ಕ್ಯೂಶು ದ್ವೀಪದ ಅರಿತಾ ಊರಿನ ಇಝುಮಿಯಾಮಾ ಗುಡ್ಡದಲ್ಲಿ ಪಿಂಗಾಣಿಗೆ ಬೇಕಾದ ಕಲ್ಲನ್ನು ಕಂಡವನು ಅವನೇ ಎಂದು ಊರು ನಂಬಿದೆ. 1616ನೇ ಇಸವಿ ಎಂದು ಲೆಕ್ಕ ಇಟ್ಟು 2016ರಲ್ಲಿ ಅರಿತಾ ತನ್ನ 400ನೇ ವರ್ಷ ಆಚರಿಸಿತು. ಸರಕು ಹಡಗು ಹತ್ತುತ್ತಿದ್ದದ್ದು ಹತ್ತಿರದ ಇಮಾರಿ ಬಂದರಿನಲ್ಲಿ. ಹಾಗಾಗಿ ಅರಿತಾದಲ್ಲಿ ಮಾಡಿದ್ದಕ್ಕೆ ಲೋಕವೆಲ್ಲ ‘ಇಮಾರಿ’ ಎಂದು ಹೆಸರಿಟ್ಟಿತು. ಬ್ಯಾಡಗಿ ಮಾರುಕಟ್ಟೆಗೆ ಬಂದ ಮೆಣಸಿನಕಾಯಿಯೆಲ್ಲ ಬ್ಯಾಡಗಿಯೇ ಆಗುತ್ತದಲ್ಲ, ಹಾಗೆ.

1644ರಲ್ಲಿ ಚೀನಾದ ಮಿಂಗ್ ಅರಸೊತ್ತಿಗೆ ಬಿತ್ತು, ಅಲ್ಲಿನ ಪಿಂಗಾಣಿ ಹೊರಗೆ ಬರುವುದು ಕಷ್ಟವಾಯಿತು. ಡಚ್ ಈಸ್ಟ್ ಇಂಡಿಯಾ ಕಂಪನಿ ಅರಿತಾದ ಕಡೆ ತಿರುಗಿತು. 1659ರಲ್ಲಿ ಅದು ಒಮ್ಮೆಗೇ 50 ಸಾವಿರಕ್ಕೂ ಹೆಚ್ಚು ಪಾತ್ರೆಗಳಿಗೆ ಬೇಡಿಕೆ ಇಟ್ಟಿತು. 1680ರ ದಶಕದಲ್ಲಿ ಚೀನಾ ಚೇತರಿಸಿಕೊಂಡಿತು, ಜಪಾನಿನ ರಫ್ತು ನಿಧಾನಕ್ಕೆ ಇಳಿಯಿತು, 1757ಕ್ಕೆ ಕಂಪನಿಯ ಖರೀದಿ ನಿಂತೇಹೋಯಿತು.

ಆಗ ಅರಿತಾದವರು ಸ್ವದೇಶದ ಗಿರಾಕಿಗಳಿಗೆ ಮಾಡಲು ತೊಡಗಿದರು. ಇದು ನಮ್ಮ ಭಾಗ್ಯ. ಇವತ್ತು ಸಂತೆಯಲ್ಲಿ ಸಾಮಾನ್ಯರ ಕೈಗೆ ಸಿಗುವ ಹಳೆಯ ಪಿಂಗಾಣಿಯಲ್ಲಿ ಬಹುಪಾಲು 18 ಮತ್ತು 19ನೇ ಶತಮಾನದಲ್ಲಿ ಜಪಾನಿಯರು ತಮ್ಮ ಊಟಕ್ಕೇ ಮಾಡಿಕೊಂಡದ್ದು.

ನೆನಪಿಡಬೇಕಾದ ಹೆಸರುಗಳು ಕೆಲವೇ. ಮೊದಲ ಮೂರು ದಶಕದ್ದು ಶೋಕಿ ಇಮಾರಿ. ಇದನ್ನು ಹಸಿ ಪಾತ್ರೆಯನ್ನು ಒಮ್ಮೆ ಸುಡದೆ ನೇರ ಗ್ಲೇಜಿನಲ್ಲಿ ಅದ್ದಿ ಮಾಡುತ್ತಿದ್ದರು. ಮೈ ದಪ್ಪ, ಸ್ವಲ್ಪ ಸೊಟ್ಟ, ತಳದ ಬಳೆ, ಅಂದರೆ ತಟ್ಟೆ ನಿಲ್ಲುವ ಉಂಗುರದಂಥ ಅಂಚು, ತಟ್ಟೆಯ ಅಗಲದ ಮೂರನೇ ಒಂದು ಪಾಲು ಮಾತ್ರ. ಕೆಲವು ಸಲ ಕುಂಬಾರನ ಬೆರಳ ಗುರುತೇ ಉಳಿದಿರುತ್ತದೆ. ಬೆಲೆ ಜಾಸ್ತಿ, ನಕಲಿಯೂ ಜಾಸ್ತಿ. ಇನ್ನೊಂದು ನಬೆಶಿಮಾ. ಆ ಸೀಮೆಯ ದೊರೆಮನೆತನ ಒಕಾವಚಿ ಕಣಿವೆಯಲ್ಲಿ ಕಾವಲು ಹಾಕಿ, ದೇಶ ಆಳುತ್ತಿದ್ದ ಸೇನಾಧಿಪತಿ ಶೋಗುನನಿಗೆ ಕಾಣಿಕೆ ಕೊಡಲೆಂದೇ ಮಾಡಿಸಿದ ಸರಕು ಅದು. ಎತ್ತರದ ತಳದ ಬಳೆಯ ಸುತ್ತ ಬಾಚಣಿಗೆ ಹಲ್ಲಿನಂಥ ನೀಲಿ ಗೆರೆಗಳಿರುತ್ತವೆ. ಅಲ್ಲಿನ ಸೆಲಡಾನ್ ಕೂಡ ಹೆಸರುವಾಸಿ. ಇವೆರಡನ್ನೂ ಮ್ಯೂಸಿಯಂನಲ್ಲಿ ನೋಡಿ ಕಣ್ಣು ತುಂಬಿಕೊಳ್ಳಿ. ಕೊಳ್ಳುವ ಮಾತು ಹತ್ತು ವರ್ಷ ಬಿಟ್ಟು.

ಕೈಗೆಟುಕುವಂಥವು ಬೇರೆ ಇವೆ. ಹಸಾಮಿ ಊರಿನಲ್ಲಿ ಜನಸಾಮಾನ್ಯರಿಗೆ ಮಾಡಿದ ದಪ್ಪ ಬಟ್ಟಲುಗಳು ಕುರವಾಂಕಾ. ಒಸಾಕಾ ಬಳಿಯ ಯೋದೊ ಹೊಳೆಯಲ್ಲಿ ಸಣ್ಣ ದೋಣಿಯವರು ದೊಡ್ಡ ದೋಣಿಗಳ ಹತ್ತಿರ ಬಂದು ‘ತಿಂತೀಯೋ ಇಲ್ವೋ’ ಎಂಬಂತೆ ಒರಟಾಗಿ ಕೂಗುತ್ತಾ ಊಟ ಮಾರುತ್ತಿದ್ದರಂತೆ. ಆ ಕೂಗೇ ಬಟ್ಟಲಿನ ಹೆಸರಾಯಿತು. ಹಸಾಮಿಯಲ್ಲಿ 17ನೇ ಶತಮಾನದಲ್ಲಿ ಒಳ್ಳೆಯ ಸೆಲಡಾನ್ ಕೂಡ ಆಗಿದೆ. ಇನ್ನು ಹ್ಯೋಗೊ ಕಡೆಯ ಸಾಂಡಾದಲ್ಲಿ 19ನೇ ಶತಮಾನದಲ್ಲಿ ಅಚ್ಚಿನಲ್ಲಿ ಒತ್ತಿ ತೆಗೆದ ಸೆಲಡಾನ್ ಮಾಡುತ್ತಿದ್ದರು.

ಹೆಜ್ಜೆ 2: ನೀಲಿ ಯಾಕೆ ನೀಲಿ, ಹಸಿರು ಯಾಕೆ ಹಸಿರು

ನೀಲಿಯ ಮೂಲ ಕೋಬಾಲ್ಟ್. ಹಳೆಯ ಕಾಲದಲ್ಲಿ ಬಳಸುತ್ತಿದ್ದದ್ದು ಚೀನಾದಿಂದ ತರಿಸಿದ ನೈಸರ್ಗಿಕ ಅದಿರು, ಹೆಸರು ಗೋಸು. ಅದರಲ್ಲಿ ಕಬ್ಬಿಣ, ಮ್ಯಾಂಗನೀಸ್ ಬೆರೆತಿರುತ್ತಿತ್ತು. ಹಾಗಾಗಿ ನೀಲಿ ಒಂದೇ ಸಮ ಇರುವುದಿಲ್ಲ. ಕೆಲವು ಕಡೆ ಬೂದಿ ಬೆರೆತಂತೆ, ಕೆಲವು ಕಡೆ ಕಪ್ಪಿಗೆ ತಿರುಗಿದಂತೆ. 1870ರಲ್ಲಿ ಜರ್ಮನಿಯ ಗಾಟ್‌ಫ್ರೀಡ್ ವಾಗೆನರ್ ಅರಿತಾಕ್ಕೆ ಬಂದು ಕಾರ್ಖಾನೆಯ ಕೋಬಾಲ್ಟ್ ಬಳಸುವುದನ್ನು ಕಲಿಸಿದ. ಈ ನೀಲಿಗೆ ಸಂತೆಯವರ ಬಾಯಲ್ಲಿ ಬೆರೊ-ಆಯ್ ಎಂದು ಹೆಸರು. ಗಾಢ, ಹೊಳಪು, ಎಲ್ಲ ಕಡೆ ಒಂದೇ ತೂಕ. ನಮ್ಮ ಬಟ್ಟೆಗೆ ಹಾಕುವ ನೀಲಿ ನೆನಪಾಗುತ್ತದೆ. ಅಂಥ ನೀಲಿ ಕಂಡರೆ 1870ಕ್ಕಿಂತ ಹಿಂದಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹಸಿರಿನ ಮೂಲ ಕಬ್ಬಿಣ. ಗ್ಲೇಜಿನಲ್ಲಿ ಅದರ ಪಾಲು ನೂರಕ್ಕೆ ಒಂದೆರಡು ಅಷ್ಟೇ. ಆವಿಗೆಯ ಒಳಗೆ ಗಾಳಿ ಕಡಿಮೆ ಮಾಡಿ, ಹೊಗೆ ಕಟ್ಟಿಸಿ ಸುಟ್ಟರೆ ಕಬ್ಬಿಣ ಹಸಿರಾಗುತ್ತದೆ. ಗಾಳಿ ನುಗ್ಗಿದರೆ ಹಳದಿಗೋ ಕಂದಿಗೋ ತಿರುಗುತ್ತದೆ. ನೀಲಿ ಬರೆದ ಬಿಳಿ ಪಿಂಗಾಣಿಗೂ ಇಂಥ ಉರಿಯೇ ಬೇಕು. ಎರಡಕ್ಕೂ ಸುಮಾರು 1,300 ಡಿಗ್ರಿಯ ಶಾಖ. ಅದಕ್ಕೇ ಒಂದೇ ಬಟ್ಟಲಿಗೆ ಹೊರಗೆ ಹಸಿರು, ಒಳಗೆ ನೀಲಿ ಕೊಟ್ಟು ಒಂದೇ ಸಲಕ್ಕೆ ಸುಡಲು ಸಾಧ್ಯವಾಯಿತು. ಅರಿತಾದವರ ಜಾಣತನ ಇರುವುದು ಇಲ್ಲಿ.

ಸೆಲಡಾನ್ ಗ್ಲೇಜನ್ನು ದಪ್ಪಗೆ ಬಳಿಯುತ್ತಾರೆ. ಬಟ್ಟಲಿನ ಅಂಚಿನಲ್ಲಿ ಅದು ಜಾರಿ ತೆಳುವಾಗಿ ಬಿಳಿ ಇಣುಕುತ್ತದೆ, ತಗ್ಗಿನಲ್ಲಿ ನಿಂತು ದಟ್ಟವಾಗುತ್ತದೆ. ಬಿಸಿಲಿಗೆ ಹಿಡಿದರೆ ಒಳಗೆ ಸಣ್ಣ ಗುಳ್ಳೆಗಳು ತೇಲಿದ ಹಾಗೆ ಕಾಣುತ್ತದೆ. ಇಡೀ ಮೈ ಪೇಂಟ್ ಬಳಿದ ಹಾಗೆ ಒಂದೇ ಹಸಿರಾಗಿದ್ದರೆ ಸಂಶಯಪಡಿ.

ಹೆಜ್ಜೆ 3: ಮೊದಲು ನೋಡಿ, ಆಮೇಲೆ ಕೊಳ್ಳಿ

ಕನಿಷ್ಠ ಆರು ತಿಂಗಳು ದುಡ್ಡು ಬಿಚ್ಚಬೇಡಿ. ಅರಿತಾದಲ್ಲಿರುವ ಕ್ಯೂಶು ಸೆರಾಮಿಕ್ ಮ್ಯೂಸಿಯಂನಲ್ಲಿ ಶಿಬಾತಾ ದಂಪತಿ ದಾನ ಕೊಟ್ಟ 10 ಸಾವಿರಕ್ಕೂ ಹೆಚ್ಚು ಪಾತ್ರೆಗಳಿವೆ. ಎದೋ ಕಾಲದ ಅರಿತಾ ಸರಕನ್ನು ಕಾಲಕ್ರಮದಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಟೋಕಿಯೋಗೆ ಹೋದರೆ ಶಿಬುಯಾದ ತೊಗುರಿ ಮ್ಯೂಸಿಯಂ, ಒಸಾಕಾದಲ್ಲಾದರೆ ಓರಿಯೆಂಟಲ್ ಸೆರಾಮಿಕ್ಸ್ ಮ್ಯೂಸಿಯಂ.

ಜಪಾನ್ ದೂರವಾಯಿತು ಅನ್ನುವವರಿಗೆ ಹೈದರಾಬಾದ್ ಇದೆ. ಸಾಲಾರ್ ಜಂಗ್ ಮ್ಯೂಸಿಯಂನ ಪೂರ್ವ ಏಷ್ಯಾ ವಿಭಾಗದಲ್ಲಿ ಚೀನೀ ಸೆಲಡಾನೂ ಇದೆ, ಜಪಾನಿ ಪಿಂಗಾಣಿಯೂ ಇದೆ. ಸೆಲಡಾನ್ ತಟ್ಟೆಗೆ ವಿಷ ಬಡಿಸಿದರೆ ಅದು ಬಣ್ಣ ಬದಲಿಸುತ್ತದೆ ಅಥವಾ ಬಿರುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಅರಮನೆಗಳಲ್ಲೂ ಇತ್ತು. ಪರೀಕ್ಷೆ ಮಾಡಲು ಹೋಗಬೇಡಿ.

ನೋಡುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಒಂದೇ ಕಾಲದ ಹತ್ತು ತಟ್ಟೆಯನ್ನು ಬಿಡದೆ ನೋಡಿ, ಆಮೇಲೆ ಮುಂದಿನ ಕಾಲಕ್ಕೆ ಹೋಗಿ. ಸುಮ್ನೆ ಇಡೀ ಮ್ಯೂಸಿಯಂ ಸುತ್ತಿದರೆ ಮನೆಗೆ ಬರುವಷ್ಟರಲ್ಲಿ ತಲೆಯಲ್ಲಿ ನೀಲಿ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಹೆಜ್ಜೆ 4: ಮಗುಚಿ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಮುಖ್ಯವಾದ ಹೆಜ್ಜೆ ಇದೇ. ಮುಂಭಾಗವನ್ನು ಯಾರು ಬೇಕಾದರೂ ಚೆಂದ ಮಾಡಬಹುದು. ನಕಲಿ ಮಾಡುವವನ ಶ್ರಮವೆಲ್ಲ ಅಲ್ಲಿಗೇ ಖರ್ಚಾಗುತ್ತದೆ. ಬೆನ್ನು ಸುಳ್ಳು ಹೇಳುವುದು ಕಡಿಮೆ.

ಮುಟ್ಟುವ ಮೊದಲು ಕೇಳಿ. ‘ಸವತ್ತೆಮೊ ಈ ದೆಸ್ ಕಾ’ ಅಂದರೆ ಮುಟ್ಟಬಹುದಾ ಎಂದರ್ಥ. ಉಂಗುರ, ಬಳೆ, ವಾಚು ತೆಗೆದು ಜೇಬಿಗೆ ಹಾಕಿ. ಎರಡೂ ಕೈಯಲ್ಲಿ ಹಿಡಿದು, ಮೇಜಿನಿಂದ ಒಂದು ಗೇಣಿಗಿಂತ ಮೇಲೆ ಎತ್ತದೆ ನೋಡಿ. ಮುಚ್ಚಳವಿದ್ದರೆ ಅದನ್ನು ಮೊದಲು ತೆಗೆದು ಪಕ್ಕಕ್ಕಿಡಿ. ಮಗುಚುವಾಗ ಮುಚ್ಚಳ ಜಾರಿ ಒಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಂಗಡಿಯವರು ಏನೂ ಅನ್ನಲಿಲ್ಲ, ಅದೇ ಇನ್ನೂ ಸಂಕಟ.

ಮೊದಲು ತಳದ ಬಳೆ. ಗ್ಲೇಜ್ ಇಲ್ಲದ ಆ ಅಂಚು ನೂರಾರು ವರ್ಷ ಮರದ ಮೇಲೆ, ಬೇರೆ ತಟ್ಟೆಯ ಮೇಲೆ ಕೂತು ಎದ್ದಿರುತ್ತದೆ. ಬೆರಳಾಡಿಸಿದರೆ ನಯವಾಗಿರಬೇಕು. ಸವೆತ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ಇರಬೇಕು. ಉಪ್ಪುಕಾಗದದಲ್ಲಿ ಉಜ್ಜಿ ಹಳತು ಮಾಡಿದ್ದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತವೆ. ಚಹಾದ ಡಿಕಾಕ್ಷನ್ ಬಳಿದು ಕಂದು ಮಾಡಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಸ್ವಲ್ಪವಾದರೂ ಬಿಡುತ್ತದೆ.

ಆಮೇಲೆ ಬಳೆಯ ಒಳಗೆ ನೋಡಿ. ದೊಡ್ಡ ತಟ್ಟೆಗಳ ಬೆನ್ನಿನಲ್ಲಿ ಗುಂಡುಸೂಜಿ ತಲೆಯಷ್ಟು ಚಿಕ್ಕ ಮಚ್ಚೆಗಳು ಕಂಡರೆ ಹೆದರಬೇಡಿ, ಖುಷಿಪಡಿ. ಸುಡುವಾಗ ನಡುಭಾಗ ಕುಸಿಯದಿರಲಿ ಎಂದು ಕೆಳಗೆ ಇಟ್ಟಿದ್ದ ಮಣ್ಣಿನ ಊರುಗಾಲುಗಳ ಗುರುತು ಅದು. ಅರಿತಾದವರ ರೂಢಿ. ಚೀನೀ ತಟ್ಟೆಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

18ನೇ ಶತಮಾನದ ನಡುವಿನಿಂದ ಇನ್ನೊಂದು ಬಗೆಯ ತಳ ಬಂತು. ಬೆನ್ನಿನ ನಡುವೆ ಗ್ಲೇಜ್ ಇರುವ ತಗ್ಗು, ಅದರ ಸುತ್ತ ಗ್ಲೇಜ್ ಇಲ್ಲದ ಅಗಲವಾದ ಉಂಗುರ. ಇದಕ್ಕೆ ಜಾನೊಮೆ, ಅಂದರೆ ಹಾವಿನ ಕಣ್ಣು, ಎಂದು ಹೆಸರು. ಸೆಲಡಾನ್ ತಟ್ಟೆಗಳಲ್ಲಿ ಇಂಥ ಉಂಗುರಕ್ಕೆ ಕಬ್ಬಿಣದ ತುಕ್ಕಿನ ಬಣ್ಣ ಬಳಿದಿರುತ್ತಾರೆ. ಕಂದು ಉಂಗುರ, ಅದರ ಆಚೀಚೆ ಹಸಿರು. ಆ ಕಂದು ಸುಟ್ಟು ಮೈಗೂಡಿದ್ದು, ಒರೆಸಿದರೆ ಹೋಗುವುದಿಲ್ಲ. ಚಹಾ ಬಳಿದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಮ್ಮೆ ಕಣ್ಣಿಗೆ ಹತ್ತಿದರೆ ಮತ್ತೆ ಮರೆಯುವುದಿಲ್ಲ.

ಕೊನೆಗೆ ಮುದ್ರೆ. ಹೊಸಬರು ಮೊದಲು ನೋಡುವುದು ಇದನ್ನೇ, ನಾನು ಕೊನೆಗೆ ನೋಡುತ್ತೇನೆ. ‘ಮಹಾ ಮಿಂಗ್, ಚೆಂಗ್‌ಹುವಾ ಕಾಲದಲ್ಲಿ ಮಾಡಿದ್ದು’ ಎಂಬ ಆರು ಚೀನೀ ಅಕ್ಷರಗಳು ಎಷ್ಟೋ ಜಪಾನಿ ತಟ್ಟೆಗಳ ಬೆನ್ನಲ್ಲಿವೆ. ಚೆಂಗ್‌ಹುವಾ ಆಳಿದ್ದು 1465ರಿಂದ 1487. ಆಗ ಅರಿತಾದಲ್ಲಿ ಪಿಂಗಾಣಿಯೇ ಇರಲಿಲ್ಲ! ಅದು ಮೋಸವಲ್ಲ, ಹಳೆಯ ಗುರುಗಳಿಗೆ ಹೊಡೆದ ಸಲಾಮು. ಸುರುಳಿ ಸುತ್ತಿದಂತೆ ಬರೆದ ‘ಫುಕು’ ಎಂಬ ಅಕ್ಷರ, ಅಂದರೆ ಭಾಗ್ಯ, 17ನೇ ಶತಮಾನದ ಕೊನೆಯಿಂದ 18ನೇ ಶತಮಾನದಲ್ಲಿ ತುಂಬಾ ಚಾಲ್ತಿಯಲ್ಲಿತ್ತು. ನಮ್ಮ ಹಸಿರು-ನೀಲಿ ಬಟ್ಟಲುಗಳ ತಳದಲ್ಲಿ ಇದೇ ಹೆಚ್ಚು ಸಿಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ‘ನಿಪ್ಪಾನ್’ ಎಂದಿದ್ದರೆ 1891ರ ನಂತರ ಅಮೆರಿಕಕ್ಕೆ ಕಳಿಸಲು ಮಾಡಿದ್ದು. ‘ಜಪಾನ್’ ಎಂದಿದ್ದರೆ ಬಹುಮಟ್ಟಿಗೆ 1921ರಿಂದೀಚೆಯದು. ನಮ್ಮ ಅಜ್ಜಿಯರ ಕಪಾಟಿನಲ್ಲಿ ‘ಮೇಡ್ ಇನ್ ಜಪಾನ್’ ಕಪ್ಪು-ಸಾಸರು ಇದ್ದರೆ ಅದನ್ನು ಪ್ರೀತಿಯಿಂದ ಇಟ್ಟುಕೊಳ್ಳಿ, ಎದೋ ಎಂದು ಹೇಳಿಕೊಳ್ಳಬೇಡಿ. ಮುದ್ರೆಯೇ ಇಲ್ಲದ ಹಳೆಯ ಸರಕೂ ಬೇಕಾದಷ್ಟಿದೆ.

ಹೆಜ್ಜೆ 5: ಕೈಬರಹವೋ ಅಚ್ಚೋ

ಕೈಯಲ್ಲಿ ಬರೆಯುವಾಗ ಮೊದಲು ಸಣ್ಣ ಕುಂಚದಲ್ಲಿ ಗೆರೆ, ಆಮೇಲೆ ಬಣ್ಣ ತುಂಬಿಕೊಂಡ ದಪ್ಪ ಕುಂಚದಲ್ಲಿ ಒಳಗಿನ ತುಂಬುಗೆ. ಈ ತುಂಬುವ ಕೆಲಸಕ್ಕೆ ದಾಮಿ ಎನ್ನುತ್ತಾರೆ. ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ನೀರು ನಿಂತು ಒಣಗಿದ ಹಾಗೆ ಒಂದು ಅಂಚಿನಲ್ಲಿ ನೀಲಿ ಗಟ್ಟಿಯಾಗಿರುತ್ತದೆ, ಗೆರೆಯ ಆಚೆ ಒಂಚೂರು ಚೆಲ್ಲಿರುತ್ತದೆ. ಐದು ತಟ್ಟೆಯ ಸೆಟ್ ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ. ಅದೇ ಬಿದಿರು, ಅದೇ ಗುಬ್ಬಿ, ಆದರೆ ಒಂದರ ಗುಬ್ಬಿ ಇನ್ನೊಂದರ ಹಾಗಿರುವುದಿಲ್ಲ. ಒಂದೇ ಕೈ ಐದು ಸಲ ಹಾಕಿದ ರಂಗೋಲಿಯಲ್ಲಿ ವ್ಯತ್ಯಾಸ ಇರುವುದಿಲ್ಲವೇ, ಹಾಗೆ.

ಮೇಜಿ ಕಾಲ, ಅಂದರೆ 1868ರಿಂದ 1912, ಅಚ್ಚಿನ ಸುಗ್ಗಿ. ಕತ್ತರಿಸಿದ ಕಾಗದದ ಮೇಲೆ ಬಣ್ಣ ಬಳಿದು ಇಳಿಸಿದ್ದರೆ ಗೆರೆಗಳ ನಡುವೆ ಸಣ್ಣ ಬಿಳಿ ತುಂಡುಗಳು ಉಳಿದಿರುತ್ತವೆ. ತಾಮ್ರದ ಹಲಗೆಯಿಂದ ಕಾಗದಕ್ಕೆ ಎತ್ತಿ ಅಂಟಿಸಿದ್ದರೆ ಕೂದಲೆಳೆ ಗೆರೆಗಳ ಸಾಲು, ಜೊತೆಗೆ ಎಲ್ಲೋ ಒಂದು ಕಡೆ ಕಾಗದ ಸುಕ್ಕಾದ ಅಥವಾ ಒಂದರ ಮೇಲೊಂದು ಬಿದ್ದ ಜೋಡಣೆ. ಎರಡಕ್ಕೂ ಇನ್ಬಾನ್ ಎಂಬ ಹೆಸರಿದೆ. ನಾನು ಮೋಸಹೋದದ್ದು ಇಲ್ಲೇ. ಇನ್ಬಾನ್ ಕೀಳು ಅಂತ ಹೇಳುತ್ತಿಲ್ಲ. ಒಂದೆರಡು ಸಾವಿರ ಯೆನ್ ಒಳಗೆ ನೂರು ದಾಟಿದ ತಟ್ಟೆ ಸಿಗುವುದು ಇಲ್ಲಿಯೇ. ಹೊಸಬರು ಶುರುಮಾಡಲು ಇದೇ ಲೇಸು. ಆದರೆ ಅಚ್ಚಿನ ಬೆಲೆಗೆ ಅಚ್ಚು.

ಇದಕ್ಕೆ ಒಂದು ಅಪವಾದವಿದೆ. ಹಸಿರು-ನೀಲಿ ಬಟ್ಟಲಿನ ನಡುವಿನ ಐದೆಸಳಿನ ಹೂ ಕೂಡ ಎಷ್ಟೋ ಸಲ ಅಚ್ಚೇ. 17ನೇ ಶತಮಾನದ ಕೊನೆಯಿಂದ ಬಂದ ಈ ಮೆತ್ತನೆಯ ಅಚ್ಚಿಗೆ ಕೊನ್ಯಾಕು ಅಚ್ಚು ಎನ್ನುತ್ತಾರೆ. ಕೊನ್ಯಾಕು ಎಂದರೆ ಒಂದು ಗೆಡ್ಡೆಯಿಂದ ಮಾಡುವ, ಹಾಲುಬಾಯಿಯಂತೆ ಅಲ್ಲಾಡುವ ತಿಂಡಿ. ಆ ಗೆಡ್ಡೆ ನಮ್ಮ ಸುವರ್ಣಗೆಡ್ಡೆಯ ದಾಯಾದಿ. ಅಚ್ಚಿನ ಹೂವಿನ ಅಂಚು ಮಸುಕು, ಬಣ್ಣ ಮಚ್ಚೆ ಮಚ್ಚೆ. ಇದು ಇದ್ದರೆ ಬೆಲೆ ಇಳಿಯುವುದಿಲ್ಲ, ಕಾಲ ಗುರುತಿಸಲು ಸಹಾಯವೇ ಆಗುತ್ತದೆ.

ಹೆಜ್ಜೆ 6: ಗಾಯ ಹುಡುಕಿ

ಮಾರುವವರು ಬಳಸುವ ನಾಲ್ಕೈದು ಮಾತು ಕಲಿತರೆ ಅರ್ಧ ಕೆಲಸ ಮುಗಿದಂತೆ. ಹೋತ್ಸು ಎಂದರೆ ಅಂಚಿನಲ್ಲಿ ಕಾಳಿನಷ್ಟು ಚಕ್ಕೆ ಎದ್ದಿರುವುದು. ನ್ಯೂ ಎಂದರೆ ಕೂದಲೆಳೆ ಬಿರುಕು. ಕನ್ನ್ಯೂ ಎಂದರೆ ಗ್ಲೇಜಿನಲ್ಲಿ ಮಾತ್ರ ಇರುವ ಬಲೆಯಂಥ ಸೀಳು, ಇದು ಹಲವು ಸಲ ದೋಷವೇ ಅಲ್ಲ. ಕಾಮಾಕಿಝು ಎಂದರೆ ಆವಿಗೆಯಲ್ಲೇ ಆದ ಗಾಯ. ನವೋಶಿ ಎಂದರೆ ರಿಪೇರಿ.

ಬಟ್ಟಲನ್ನು ಅಂಗೈ ಮೇಲೆ ಸಡಿಲವಾಗಿ ಕೂರಿಸಿ ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪಿಂಗಾಣಿ ಟಣ್ ಎಂದು ಎಳೆದು ದನಿ ಬಿಡುತ್ತದೆ. ಬಿರುಕಿದ್ದರೆ ನಮ್ಮ ಉಪ್ಪಿನಕಾಯಿ ಜಾಡಿ ತಟ್ಟಿದ ಹಾಗೆ ಟೊಪ್ ಎಂದು ಸತ್ತುಹೋಗುತ್ತದೆ. ತೆಳು ಪಾತ್ರೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಕೂದಲೆಳೆ ಬಿರುಕು ಕಪ್ಪು ದಾರದಂತೆ ಎದ್ದು ಕಾಣುತ್ತದೆ. ದಪ್ಪ ಸೆಲಡಾನಿಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಕಿವಿಯೇ ಗತಿ.

ಬಣ್ಣ ಬಳಿದು ಮುಚ್ಚಿದ ರಿಪೇರಿ ಅಪಾಯದ್ದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಮತ್ತು ನೋಟು ಪರೀಕ್ಷಿಸುವ ನೇರಳೆ ದೀಪದ ಸಣ್ಣ ಟಾರ್ಚ್ ಸದಾ ಚೀಲದಲ್ಲಿರಲಿ. ಕತ್ತಲಲ್ಲಿ ಆ ದೀಪ ಬಿಟ್ಟಾಗ ಅಂಟು, ವಾರ್ನಿಷ್ ಬಳಿದ ಜಾಗ ಪಕ್ಕದ ಮೈಗಿಂತ ಬೇರೆಯಾಗಿ ಮಿನುಗುತ್ತದೆ. ಕೆನ್ನೆಗೆ ತಾಗಿಸಿ ನೋಡುವುದೂ ಉಂಟು. ಗ್ಲೇಜ್ ತಣ್ಣಗೆ, ಬಣ್ಣ ಬಳಿದ ಜಾಗ ಅಷ್ಟು ತಣ್ಣಗಿರುವುದಿಲ್ಲ. ಅತೊ-ಎ ಎಂಬ ಇನ್ನೊಂದು ಕಿತಾಪತಿ ಇದೆ. ಸಾಧಾರಣ ನೀಲಿ ತಟ್ಟೆಗೆ ಎಷ್ಟೋ ಕಾಲದ ಮೇಲೆ ಕೆಂಪು, ಚಿನ್ನ ಬರೆದು ಮತ್ತೆ ಸುಟ್ಟು ಬೆಲೆ ಏರಿಸುವುದು.

ಚಿನ್ನದ ಗೆರೆ ಎಳೆದ ಕಿಂತ್ಸುಗಿ ರಿಪೇರಿಗೆ ನಾನು ಹೆದರುವುದಿಲ್ಲ. ಅದು ಗಾಯವನ್ನು ಮುಚ್ಚಿಡುವುದಿಲ್ಲ. ಟೋಕಿಯೋ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಬಾಕೊಹಾನ್ ಎಂಬ ಚೀನೀ ಸೆಲಡಾನ್ ಬಟ್ಟಲಿದೆ. 15ನೇ ಶತಮಾನದಲ್ಲಿ ಶೋಗುನ್ ಅಶಿಕಾಗಾ ಯೊಶಿಮಾಸಾ ಬಿರುಕುಬಿಟ್ಟ ಆ ಬಟ್ಟಲನ್ನು ಚೀನಾಕ್ಕೆ ಕಳಿಸಿ ಇಂಥದ್ದೇ ಇನ್ನೊಂದು ಕೊಡಿ ಅಂದನಂತೆ. ಅಷ್ಟು ಒಳ್ಳೆಯದು ಈಗ ಸಿಗುವುದಿಲ್ಲ ಎಂದು ಅವರು ಅದಕ್ಕೇ ಲೋಹದ ಕೊಕ್ಕೆ ಹೊಡೆದು ಹಿಂದಿರುಗಿಸಿದರಂತೆ. ಕೊಕ್ಕೆಗಳು ಇವತ್ತೂ ಹಾಗೇ ಇವೆ.

ಹೆಜ್ಜೆ 7: ಎಲ್ಲಿ, ಏನನ್ನು ಕೊಳ್ಳಬೇಕು

ಮೊದಲ ಖರೀದಿಗೆ ಸೋಬಾ ಚೊಕೊ ತೆಗೆದುಕೊಳ್ಳಿ. ಅಂಗೈಯಲ್ಲಿ ಕೂರುವ ಬಾಯಗಲದ ಲೋಟ, ನಮ್ಮ ಕಾಫಿ ಲೋಟಕ್ಕಿಂತ ಕೊಂಚ ಗಿಡ್ಡ. ಇದರ ಮೇಲಿನ ವಿನ್ಯಾಸಗಳಿಗೆ ಲೆಕ್ಕವೇ ಇಲ್ಲ. ಬರೀ ಇದನ್ನೇ ಜೀವಮಾನವೆಲ್ಲ ಕೂಡಿಸುವವರಿದ್ದಾರೆ. ಹೊರಗೆ ಸೆಲಡಾನ್ ಇರುವ ಚೊಕೊ ಸಿಕ್ಕರೆ ಈ ಬರಹದ ಅರ್ಧ ಪಾಠ ಅದೊಂದರಲ್ಲೇ ಇದೆ. ಆಮೇಲೆ ಐದು ಸುನ್ ತಟ್ಟೆ. ಒಂದು ಸುನ್ ಸುಮಾರು 3 ಸೆಂಟಿಮೀಟರ್, ಹಾಗಾಗಿ ಇದು 15 ಸೆಂಟಿಮೀಟರಿನ ತಟ್ಟೆ. ಜಪಾನಿನಲ್ಲಿ ಸೆಟ್ ಅಂದರೆ ಐದು. ನಾಲ್ಕಿನ ಉಚ್ಚಾರ ಸಾವು ಎಂಬ ಪದದಂತೆ ಕೇಳುವುದರಿಂದ ಅದನ್ನು ತಪ್ಪಿಸುತ್ತಾರೆ. ಸೆಟ್ ಒಡೆದು ಉಳಿದ ಬಿಡಿ ತಟ್ಟೆ ಅಗ್ಗಕ್ಕೆ ಸಿಗುತ್ತದೆ, ಕಲಿಯಲು ಅದೇ ಸಾಕು. ಚಕ್ಕೆ ಎದ್ದದ್ದನ್ನೂ ಬಿಡಬೇಡಿ. ಮುರಿದ ಅಂಚಿನಲ್ಲಿ ಮಣ್ಣು ಎಷ್ಟು ಬಿಳಿ, ಗ್ಲೇಜ್ ಎಷ್ಟು ದಪ್ಪ ಎಂಬುದು ಕಾಣುತ್ತದೆ. ಸರಿಯಿರುವ ತಟ್ಟೆ ಅದನ್ನು ತೋರಿಸುವುದಿಲ್ಲ.

ಕ್ಯೋಟೋದಲ್ಲಿ ಪ್ರತಿ ತಿಂಗಳ 21ರಂದು ತೋಜಿ ದೇವಾಲಯದಲ್ಲಿ, 25ರಂದು ಕಿತಾನೊ ತೆನ್ಮಾಂಗುವಿನಲ್ಲಿ ಸಂತೆ. ಅರಿತಾದಲ್ಲಿ ವರ್ಷಕ್ಕೊಮ್ಮೆ, ಏಪ್ರಿಲ್ 29ರಿಂದ ಮೇ 5ರವರೆಗೆ ಪಿಂಗಾಣಿ ಜಾತ್ರೆ. ಅಲ್ಲಿ ಹೊಸ ಸರಕೇ ಹೆಚ್ಚು, ಹಳತನ್ನು ಹುಡುಕಬೇಕು. ಬೆಳಿಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ, ಮಧ್ಯಾಹ್ನದ ಮೇಲೆ ಹೋದವರಿಗೆ ಬೆಲೆ ಇಳಿಯುತ್ತದೆ. ಚೌಕಾಸಿ ಮಾಡಬಹುದು, ಆದರೆ ಕೆ.ಆರ್. ಮಾರ್ಕೆಟ್ಟಿನ ಹಾಗೆ ಅರ್ಧಕ್ಕೆ ಕೇಳಿ ಎದ್ದು ಹೊರಡುವ ಆಟ ನಡೆಯುವುದಿಲ್ಲ. ಎರಡು ಮೂರು ಒಟ್ಟಿಗೆ ತೆಗೆದುಕೊಂಡು ಸ್ವಲ್ಪ ಕಡಿಮೆ ಮಾಡುತ್ತೀರಾ ಎಂದು ನಗುತ್ತಾ ಕೇಳಿ.

ಇಲ್ಲಿ ಕೂತು ಕೊಳ್ಳುವವರಿಗೆ ಜಪಾನಿನ ಹರಾಜು ತಾಣಗಳಿವೆ, ನಮ್ಮ ಪರವಾಗಿ ಕೊಂಡು ಕಳಿಸುವ ಮಧ್ಯವರ್ತಿಗಳೂ ಇದ್ದಾರೆ. ‘ಕೊ-ಇಮಾರಿ’ ಎಂಬ ಮಾತನ್ನು ನಂಬಬೇಡಿ. ಹಳೆಯ ಇಮಾರಿ ಎಂದರ್ಥ, ಆದರೆ ನಿನ್ನೆಯದಕ್ಕೂ ಹಾಕುತ್ತಾರೆ. ‘ಉತ್ಸುಶಿ’ ಎಂದಿದ್ದರೆ ಹಳೆಯದನ್ನು ನೋಡಿ ಮಾಡಿದ ಹೊಸತು. ಬೆನ್ನಿನ ಫೋಟೋ, ತಳದ ಬಳೆಯ ಹತ್ತಿರದ ಫೋಟೋ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಕೊಡದಿದ್ದರೆ ಬಿಟ್ಟುಬಿಡಿ. ಕಳಿಸುವಾಗ ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟು ನಡುವೆ ಮೆತ್ತೆ ತುಂಬಲು ಮೊದಲೇ ಹೇಳಿ.

ಹಳೆಯ ಮರದ ಪೆಟ್ಟಿಗೆ, ಅದರ ಮೇಲೆ ಮಸಿಯಲ್ಲಿ ಬರೆದ ಇಸವಿ ನೋಡಿ ಮರುಳಾಗಬೇಡಿ. ಪೆಟ್ಟಿಗೆ ಒಂದು ಕಾಲದ್ದು, ಒಳಗಿನ ತಟ್ಟೆ ಇನ್ನೊಂದು ಕಾಲದ್ದು ಆಗಿರುವುದು ದಿನಾ ಕಾಣುವ ಕಥೆ. ದೊಡ್ಡವರೂ ಏಮಾರಿದ್ದಾರೆ. 1294ರ ಇಸವಿ ಕೆತ್ತಿದ್ದ ಒಂದು ಜಾಡಿಯನ್ನು ಜಪಾನ್ ಸರ್ಕಾರ 1959ರಲ್ಲಿ ಮುಖ್ಯ ಸಾಂಸ್ಕೃತಿಕ ಆಸ್ತಿ ಎಂದು ಸಾರಿತು. ಅದು ಈಗಿನವರೇ ಮಾಡಿದ್ದು ಎಂದು ಬಯಲಾಗಿ 1961ರಲ್ಲಿ ಆ ಮಾನ ಹಿಂದಕ್ಕೆ ಪಡೆಯಬೇಕಾಯಿತು.

ಹೆಜ್ಜೆ 8: ಮನೆಯಲ್ಲಿ ಇಡುವುದು, ಬಳಸುವುದು

ಗ್ಲೇಜಿನ ಕೆಳಗಿನ ನೀಲಿ ಮತ್ತು ಸೆಲಡಾನ್ ಊಟಕ್ಕೆ ಬಳಸಲು ತೊಂದರೆಯಿಲ್ಲ. ಮೇಲೆ ಕೆಂಪು-ಹಳದಿ ಬಣ್ಣ ಬರೆದ ಹಳೆಯ ಪಾತ್ರೆಯಲ್ಲಿ ಸೀಸ ಇರಬಹುದು, ಅದರಲ್ಲಿ ಹುಳಿ ಬಡಿಸಬೇಡಿ. ನಮ್ಮ ಅಡುಗೆಯಲ್ಲಿ ಇನ್ನೊಂದು ಶತ್ರು ಅರಿಶಿನ. ಕನ್ನ್ಯೂ ಸೀಳಿನೊಳಗೆ ಅರಿಶಿನದ ಎಣ್ಣೆ ಇಳಿದರೆ ಬಿಳಿ ತಟ್ಟೆಗೆ ಹಳದಿ ಬಲೆ ಹೆಣೆದ ಹಾಗೆ ಆಗುತ್ತದೆ. ನಾನು ಚಿತ್ರಾನ್ನ ಬಡಿಸಿ ಒಂದು ತಟ್ಟೆ ಕೆಡಿಸಿಕೊಂಡಿದ್ದೇನೆ. ಈಗ ಮೊಸರನ್ನ, ಹಣ್ಣು, ಕೊಬ್ಬರಿ ಮಿಠಾಯಿಗೆ ಮಾತ್ರ.

ಬಿಸಿ ಸಾರನ್ನು ತಣ್ಣನೆಯ ಬಟ್ಟಲಿಗೆ ಒಮ್ಮೆಗೇ ಸುರಿಯಬೇಡಿ. ತೊಳೆಯುವುದಕ್ಕೆ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ. ಪಾತ್ರೆ ತೊಳೆಯುವ ಮಷಿನ್, ಮೈಕ್ರೊವೇವ್, ಕಬ್ಬಿಣದ ಉಜ್ಜುಗ ಮೂರೂ ಬೇಡ. ಸಿಂಕಿನಲ್ಲಿ ಒಂದು ಟವೆಲ್ ಹಾಸಿಕೊಳ್ಳಿ. ಒಂದರ ಮೇಲೊಂದು ಇಡುವಾಗ ನಡುವೆ ಹತ್ತಿ ಬಟ್ಟೆಯ ತುಂಡಿರಲಿ, ಇಲ್ಲದಿದ್ದರೆ ಮೇಲಿನದರ ತಳದ ಬಳೆ ಕೆಳಗಿನದರ ನೀಲಿಯನ್ನು ಗೀರುತ್ತದೆ. ಗೋಡೆಗೆ ನೇತುಹಾಕುವ ಸ್ಪ್ರಿಂಗ್ ತಂತಿ ಬೇಡವೇ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಮರದ ಪೆಟ್ಟಿಗೆಗಳನ್ನು ಆಗಾಗ ತೆರೆದು ಗಾಳಿಗೆ ಇಡಿ. ಪಿಂಗಾಣಿಗೆ ಬೂಸ್ಟು ಹಿಡಿಯುವುದಿಲ್ಲ, ಪೆಟ್ಟಿಗೆಗೆ ಹಿಡಿಯುತ್ತದೆ.

ಹೆಜ್ಜೆ 9: ಕಾಗದಪತ್ರ

ಒಂದು ನೋಟ್‌ಬುಕ್ ಇಡಿ. ಕೊಂಡ ದಿನ, ಜಾಗ, ಬೆಲೆ, ಅಳತೆ, ಗಾಯಗಳು, ನಾಲ್ಕು ಕಡೆಯ ಫೋಟೋ. ರಸೀದಿ ಎಸೆಯಬೇಡಿ. ಅದು ಬೇಕಾಗುವುದು ಕಸ್ಟಮ್ಸ್‌ನಲ್ಲಿ. ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ ಬೇರೆಯೇ ಸಾಲಿದೆ, ಸಂಖ್ಯೆ 9706. ವಯಸ್ಸಿಗೆ ಪುರಾವೆ ಕೇಳುತ್ತಾರೆ, ಆದ್ದರಿಂದ ರಸೀದಿಯಲ್ಲಿ ‘ಹಳೆಯ ತಟ್ಟೆ’ ಎಂದಷ್ಟೇ ಬರೆಸದೆ ಕಾಲವನ್ನೂ ಬರೆಸಿಕೊಳ್ಳಿ. ಸುಂಕದ ದರ ಬದಲಾಗುತ್ತಿರುತ್ತದೆ, ಕೊಳ್ಳುವ ಮೊದಲು ಕೇಳಿ ತಿಳಿಯಿರಿ.

ಪರದೇಶದಲ್ಲಿದ್ದು ಊರಿಗೆ ಮರಳುವ ನಮ್ಮವರು ಒಂದು ವಿಷಯ ಗಮನಿಸಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಕಲೆಯ, ಕುಶಲಕೆಲಸದ ವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ವ್ಯಾಪಾರ ಮಾಡಲು ಪರವಾನಗಿ ಬೇಕು. ಅಂದರೆ ನಿಮ್ಮದೇ ಬಟ್ಟಲನ್ನು ಇಲ್ಲಿಗೆ ತಂದು, ಮೂರು ವರ್ಷ ಬಿಟ್ಟು ಮತ್ತೆ ಒಸಾಕಾಕ್ಕೆ ಒಯ್ಯಲು ಹೊರಟರೆ ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಕ್ಕಬಹುದು. ತರುವ ದಿನವೇ ಕಸ್ಟಮ್ಸ್ ಕಾಗದ ಮಾಡಿಸಿಕೊಳ್ಳಿ. ಮತ್ತೆ ಒಯ್ಯುವ ಯೋಚನೆ ಇದ್ದರೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿಕೊಂಡೇ ತನ್ನಿ. ನನ್ನ ಗೆಳೆಯರೊಬ್ಬರು ಇದೇ ಕಾರಣಕ್ಕೆ ಒಳ್ಳೆಯ ಎರಡು ನಬೆಶಿಮಾ ತಟ್ಟೆಗಳನ್ನು ಅಲ್ಲೇ ಸ್ನೇಹಿತರ ಮನೆಯಲ್ಲಿ ಬಿಟ್ಟು, ಇನ್ಬಾನ್ ತಟ್ಟೆಗಳನ್ನಷ್ಟೇ ಊರಿಗೆ ತಂದರು. ಈಗ ಅವರ ಮನೆಯಲ್ಲಿ ದಿನಾ ಸಂಜೆ ಬೋಂಡಾ ಬಡಿಸುವುದು ಅದರಲ್ಲೇ.